ಹೂವಿಲ್ಲದಾಗ ಲಂಟಾನ

ಯಲಹಂಕದ ಜಾರಕಬಂಡೆ ಕಾವಲಿನಲ್ಲಿ ಮಳೆಗಾಲದ ಹೂವಿನಿಂದ ಗುರುತಾಗುವ ಲಂಟಾನವನ್ನು ಕಡುಬೇಸಿಗೆಯಲ್ಲಿ ತಿಳಿಯುವುದು ಹೇಗೆ?

ಹೂವನ್ನು ಮರೆತು ಕೊಂಬೆಯನ್ನು ನೋಡಬೇಕು. ಎಲೆಯುದುರಿದ ಕಾಲದಲ್ಲಿಯೂ ಎಳೆಯ ರೆಂಬೆಯು ಚತುಷ್ಕೋನವಾಗಿದ್ದು, ಅದರ ಏಣುಗಳ ಮೇಲೆ ಹಿಂಬಾಗಿದ ಸಣ್ಣ ಮುಳ್ಳುಗಳು ಬೆರಳಿಗೆ ತಾಗುವುವು. ಮಳೆ ಬಿದ್ದೊಡನೆ ಎದುರುಬದುರಾಗಿ ಚಿಗುರಿ ಬಲಿಯುವ ಎಲೆಯಾದರೋ ಎಮ್ಮೆಯ ನಾಲಗೆಯಂತೆ ಒರಟಾಗಿದ್ದು, ಹೊಸಕಿದರೆ ತೀಕ್ಷ್ಣಗಂಧವನ್ನು ಬೀರುವುದು. ತರುವಾಯದ ಹೂಗೊಂಚಲಿನಲ್ಲಿ ಅಂಚಿನವು ಮೊದಲು ಅರಳುವುವು. ಹಳದಿಯಾಗಿ ಅರಳಿದ ಹೂವು ಪರಾಗಸ್ಪರ್ಶವಾದ ಬಳಿಕ ಆಂಥೊಸಯನಿನ್ ಎಂಬ ವರ್ಣದ್ರವ್ಯದಿಂದ ಕೆಂಪೇರುವ ಕಾರಣ, ನಡುವೆ ಹಳದಿಯೂ ಸುತ್ತಲೂ ಕೆಂಪೋ ಗುಲಾಬಿಯೋ ಕಾಣುವುದು. ಮಕರಂದವಿನ್ನೂ ಉಳಿದಿರುವುದು ಹಳದಿಯಲ್ಲಿ ಎಂಬುದನ್ನು ಚಿಟ್ಟೆಗಳು ಬಲ್ಲವು. ಹಸುರು ಕಾಯಿಗಳು ಕಪ್ಪುನೇರಳೆಯಾಗಿ ಮಾಗಲು, ಪಿಕಳಾರಗಳು ತಿಂದು ಬೀಜವನ್ನು ದೂರಕ್ಕೆ ಒಯ್ಯುವುವು. ಅಮೆರಿಕದ ಉಷ್ಣವಲಯದ ಈ ಪೊದೆಯನ್ನು 19ನೆಯ ಶತಮಾನದ ಆದಿಭಾಗದಲ್ಲಿ ಉದ್ಯಾನದ ಅಲಂಕಾರಕ್ಕೆಂದೇ ಭಾರತಕ್ಕೆ ತಂದರು. ಆ ರಸಿಕತೆಯ ಫಲವನ್ನು ಇಂದು ಬಂಡೀಪುರದ ಅರಣ್ಯವೂ ಉಣ್ಣುತ್ತಿದೆ. ತೋಟಗಳಲ್ಲಿ ನೆಲದ ಮೇಲೆ ಹಬ್ಬುವ, ಮುಳ್ಳಿಲ್ಲದ, ತಿಳಿನೇರಳೆ ಹೂವಿನ ಲಂಟಾನವು ಬೇರೊಂದು ಪ್ರಭೇದ.