ಗ್ಲಾಸ್ಗೋ ಗ್ಯಾಲರಿ: ಹಾಡು ಅಪರಾಧವಾಗುವುದು ಯಾವಾಗ?

ಸ್ಕಾಟ್ಲೆಂಡಿನ ಗ್ಲಾಸ್ಗೋ ನಗರದಲ್ಲಿ ಸೆಲ್ಟಿಕ್ ಮತ್ತು ರೇಂಜರ್ಸ್ ಫುಟ್ಬಾಲ್ ತಂಡಗಳು ಮುಖಾಮುಖಿಯಾದಾಗ, ಗೋಲುಗಳಷ್ಟೇ ವಿವಾದಕ್ಕೀಡಾಗುವುದು ಅಭಿಮಾನಿಗಳ ಹಾಡುಗಳು.

ವೈರದ ಬೇರು ವಲಸೆಯಲ್ಲಿದೆ. ಐರ್ಲೆಂಡಿನಿಂದ ಬಂದ ಬಡ ಕ್ಯಾಥೊಲಿಕರ ನೆರವಿಗೆ ಹಣ ಕೂಡಿಸಲೆಂದು 1887ರಲ್ಲಿ ಸೆಲ್ಟಿಕ್ ಸ್ಥಾಪನೆಯಾಯಿತು. 1872ರಷ್ಟು ಹಿಂದಿನ ರೇಂಜರ್ಸ್ ಕ್ರಮೇಣ ಬ್ರಿಟನ್‌ನಿಷ್ಠ ಪ್ರೊಟೆಸ್ಟೆಂಟರ ತಂಡವೆನಿಸಿತು. 1989ರಲ್ಲಿ ಅದು ಕ್ಯಾಥೊಲಿಕ್ ಆಟಗಾರ ಮೊ ಜಾನ್‌ಸ್ಟನ್ ಅವರನ್ನು ಸೇರಿಸಿಕೊಂಡಾಗ ಕೆಲವು ಅಭಿಮಾನಿಗಳು ತಂಡದ ಶಾಲುಗಳನ್ನೇ ಸುಟ್ಟರು!

ಉತ್ತರ ಐರ್ಲೆಂಡಿನ ರಕ್ತಪಾತದ ನೆನಪೂ ಗ್ಯಾಲರಿಯಲ್ಲಿದೆ. ಸೆಲ್ಟಿಕ್‌ನ ಕೆಲವು ಬೆಂಬಲಿಗರು ಸಶಸ್ತ್ರ ಸಂಘಟನೆ ಐಆರ್‌ಎಯನ್ನು ಹೊಗಳಿ ಹಾಡುತ್ತಾರೆ. ಅದು ಸ್ವಾತಂತ್ರ್ಯ ಹೋರಾಟದ ಸ್ಮರಣೆಯೆಂಬುದು ಅವರ ಸಮರ್ಥನೆ; ಭಯೋತ್ಪಾದನೆಯ ಗುಣಗಾನವೆಂಬುದು ಎದುರಾಳಿಗಳ ಆಕ್ಷೇಪ. ಪಂಥದ್ವೇಷದ ಹಾಡಿಗಾಗಿ ರೇಂಜರ್ಸ್‌ಗೆ 2006ರಲ್ಲಿ ಯೂರೋಪಿನ ಫುಟ್ಬಾಲ್ ಒಕ್ಕೂಟ ದಂಡ ವಿಧಿಸಿತ್ತು. ಸಂಘಟನೆಯೊಂದನ್ನು ಹೊಗಳುವುದೂ ಇಡೀ ಸಮುದಾಯದ ರಕ್ತ ಬಯಸುವುದೂ ಒಂದೇ ಅಲ್ಲ. ಆದರೆ ಬಾಂಬಿಗೆ ಬಂಧುವನ್ನು ಕಳೆದುಕೊಂಡವನಿಗೆ ಈ ವ್ಯತ್ಯಾಸ ವಿವರಿಸುವುದು ಸುಲಭವಲ್ಲ.

ಇದು ಬರೀ ಬಾಯಿಮಾತಿನ ಜಗಳವೂ ಅಲ್ಲ. ಸೆಲ್ಟಿಕ್ ಆಟಗಾರ, ಕ್ಯಾಥೊಲಿಕರಾದ ನೀಲ್ ಲೆನನ್ 2002ರಲ್ಲಿ ಕೊಲೆ ಬೆದರಿಕೆಯಿಂದಾಗಿ ಉತ್ತರ ಐರ್ಲೆಂಡ್ ತಂಡವನ್ನು ತೊರೆದರು. ಅವರು ಸೆಲ್ಟಿಕ್ ವ್ಯವಸ್ಥಾಪಕರಾಗಿದ್ದ 2011ರಲ್ಲಿ ಅವರ ಹೆಸರಿಗೆ ಬಾಂಬಿನಂಥ ಪಾರ್ಸೆಲ್‌ಗಳು ಬಂದವು. ಇಬ್ಬರಿಗೆ ತಲಾ ಐದು ವರ್ಷ ಸೆರೆವಾಸವಾಯಿತು.

ಇದರ ಬೆನ್ನಿಗೇ, 2012ರಲ್ಲಿ, ಪಂದ್ಯಗಳಲ್ಲಿನ ಆಕ್ಷೇಪಾರ್ಹ ವರ್ತನೆ ತಡೆಯಲು ವಿಶೇಷ ಕಾಯ್ದೆ ಜಾರಿಗೆ ಬಂತು. ‘ಆಕ್ಷೇಪಾರ್ಹ’ ಎಂದರೇನು ಎಂಬಲ್ಲೇ ಅದು ಎಡವಿತು. ಫುಟ್ಬಾಲ್ ಅಭಿಮಾನಿಗಳಿಗೆ ಮಾತ್ರ ಬೇರೆ ಕಾನೂನೇಕೆ ಎಂಬ ಪ್ರಶ್ನೆಯೂ ಎದ್ದಿತು. 2018ರಲ್ಲಿ ಸ್ಕಾಟ್ಲೆಂಡ್ ಸಂಸತ್ತು ಆ ಕಾಯ್ದೆಯನ್ನು ರದ್ದುಪಡಿಸಿತು. ಹಾಡುಗಳು ಮಾತ್ರ ನಿಲ್ಲಲಿಲ್ಲ.