ವಿದೇಶಿ ಕಾರು: ನೋಂದಣಿಗೆ ಮುನ್ನ

ಮಳವಳ್ಳಿಯ ವರ್ತಕರು ವಿದೇಶದಿಂದ ತರಿಸಿದ ಕಾರನ್ನು ನೋಂದಾಯಿಸಬೇಕಾದುದು ಮಂಡ್ಯದ ಪ್ರಾದೇಶಿಕ ಸಾರಿಗೆ ಕಚೇರಿಯಲ್ಲಿ. ನಮೂನೆ 20ರ ಅರ್ಜಿ, ವಿಮೆ, ವಿಳಾಸದ ದಾಖಲೆಗಳೊಂದಿಗೆ ಕಸ್ಟಮ್ಸ್ ಇಲಾಖೆಯ ಬಿಡುಗಡೆ ಪತ್ರವನ್ನೂ ಲಗತ್ತಿಸತಕ್ಕದ್ದು. ನೋಂದಣಿ ಶುಲ್ಕ 5,000 ರೂಪಾಯಿ, ಅದು ಅಲ್ಪವೇ. ಭಾರವಾಗುವುದು ಜೀವಾವಧಿ ತೆರಿಗೆ: ಆಮದು ಸುಂಕವನ್ನೂ ಸೇರಿಸಿದ ಬೆಲೆ 20 ಲಕ್ಷ ಮೀರಿದರೆ ಅದರ ಮೇಲೆ ಶೇಕಡಾ 18, ಉಪಕರ ಬೇರೆ.

ಆದರೆ ಹೆಚ್ಚಿನ ಭಯವಿರುವುದು ಆಮದಾದ ಹಳೆಯ ಕಾರನ್ನು ಇಲ್ಲಿ ಇತರರಿಂದ ಕೊಳ್ಳುವವರಿಗೆ. 2025ರ ಸೆಪ್ಟೆಂಬರಿನಲ್ಲಿ ಕೇರಳದಲ್ಲಿ ಕಸ್ಟಮ್ಸ್ ಅಧಿಕಾರಿಗಳು, ಭೂತಾನಿನಿಂದ ಅಕ್ರಮವಾಗಿ ಬಂದವೆಂಬ ಶಂಕೆಯ ಮೇಲೆ, ಮೂವತ್ತಕ್ಕೂ ಹೆಚ್ಚು ವಾಹನಗಳನ್ನು ವಶಪಡಿಸಿಕೊಂಡರು. ನೋಂದಣಿಯಾಗಿದ್ದುದು ಅದಕ್ಕೆ ಅಡ್ಡಬರಲಿಲ್ಲ. ಮುಂಗಡ ಕೊಡುವ ಮುನ್ನ ಬಿಲ್ ಆಫ್ ಎಂಟ್ರಿಯಲ್ಲಿರುವ ಚಾಸಿಸ್ ಸಂಖ್ಯೆಯನ್ನು ಕಾರಿನದರೊಡನೆ ತಾಳೆ ನೋಡುವುದು ಲೇಸು.