ಗರ್ಭಘಾತ ಮತ್ತು ಗರ್ಭನಿರೋಧ: ಹಿಂಸಾವಿಚಾರದ ದೃಷ್ಟಿಯಲ್ಲಿ

ಗರ್ಭಪಾತ ಹಾಗೂ ಗರ್ಭನಿರೋಧಗಳನ್ನು ಕುರಿತು ಶ್ರಾವಕರು ಕೇಳುವ ಪ್ರಶ್ನೆಗೆ ‘ಎರಡೂ ಪಾಪವೇ’ ಎಂಬ ಒಂದೇ ಉತ್ತರ ದೊರೆಯುವುದುಂಟು. ಗ್ರಂಥಗಳನ್ನು ಪರಿಶೀಲಿಸಿದಲ್ಲಿ ಇವೆರಡರ ದೋಷಸ್ವರೂಪವು ಭಿನ್ನವೆಂಬುದೂ, ದೋಷದ ಭಾರವು ಗರ್ಭಿಣಿಯೊಬ್ಬಳ ಮೇಲೆಯೇ ಬೀಳತಕ್ಕುದಲ್ಲವೆಂಬುದೂ ವ್ಯಕ್ತವಾಗುತ್ತದೆ.

ಮೊದಲು ವಿಚಾರಣೀಯವಾದುದು ಗರ್ಭದಲ್ಲಿ ಜೀವದ ಪ್ರವೇಶಕಾಲ. ಪೂರ್ವಶರೀರವನ್ನು ತ್ಯಜಿಸಿದ ಜೀವವು ವಿಗ್ರಹಗತಿಯಲ್ಲಿ ಕೆಲವೇ ಸಮಯಗಳನ್ನು ಕಳೆದು ಉತ್ಪತ್ತಿಸ್ಥಾನವನ್ನು ಸೇರುತ್ತದೆ. ಗೊಮ್ಮಟಸಾರದ ಜೀವಕಾಂಡದಂತೆ ಪರ್ಯಾಪ್ತಿಗಳು ಒಮ್ಮೆಗೇ ಆರಂಭವಾಗಿ, ಕ್ರಮವಾಗಿ ಅಂತರ್ಮುಹೂರ್ತದೊಳಗೆ ಪೂರ್ಣಗೊಳ್ಳುತ್ತವೆ. ಸಂಜ್ಞಿ ಪಂಚೇಂದ್ರಿಯ ಜೀವಕ್ಕೆ ಅಪರ್ಯಾಪ್ತಾವಸ್ಥೆಯಲ್ಲಿ 7, ಪರ್ಯಾಪ್ತಾವಸ್ಥೆಯಲ್ಲಿ 10 ಪ್ರಾಣಗಳು. ಈ ಗ್ರಂಥಕ್ಕೆ ಕೇಶವಣ್ಣನು ಕ್ರಿ.ಶ. 1359ರಲ್ಲಿ ಕನ್ನಡ ವೃತ್ತಿಯನ್ನು ರಚಿಸಿದುದರಿಂದ ಈ ವಿಚಾರವು ಕನ್ನಡ ಬಲ್ಲವರಿಗೂ ಸುಲಭವಾಯಿತು. ಶ್ವೇತಾಂಬರ ಪ್ರಕೀರ್ಣಕವಾದ ತಂದುಲವೈಚಾರಿಕವು ಗರ್ಭವಾಸವನ್ನು 277½ ಅಹೋರಾತ್ರಗಳೆಂದು ಎಣಿಸಿ, ಕಲಲ, ಅರ್ಬುದಾದಿ ಅವಸ್ಥೆಗಳನ್ನು ವರ್ಣಿಸುತ್ತದೆ. ಇದು ಶರೀರದ ವೃದ್ಧಿಕ್ರಮವೇ ಹೊರತು ಜೀವವು ತಡವಾಗಿ ಬರುವುದೆಂಬುದಕ್ಕೆ ಪ್ರಮಾಣವಲ್ಲ. ಆದುದರಿಂದ ಮಾಸಗಣನೆಯ ಆಧಾರದಿಂದ ಗರ್ಭಘಾತವನ್ನು ನಿರ್ದೋಷವೆನ್ನಲು ಸಿದ್ಧಾಂತದಲ್ಲಿ ಅವಕಾಶವಿಲ್ಲ.

ಗರ್ಭನಿರೋಧದ ವಿಷಯ ಬೇರೆ. ಗರ್ಭೋತ್ಪತ್ತಿಗೆ ಮೊದಲು ಅಲ್ಲಿ ಗರ್ಭಜ ಜೀವವೇ ಇಲ್ಲದಿರುವುದರಿಂದ ಪಂಚೇಂದ್ರಿಯಘಾತದ ಮಾತು ಬಾರದು. ಯೋನಿಗತ ಜೀವಗಳ ಹಿಂಸೆಯನ್ನು ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಹೇಳಿರುವುದು ಮೈಥುನಕ್ಕೆ ಸಂಬಂಧಿಸಿ. ಅದು ನಿರೋಧದಿಂದ ಹುಟ್ಟುವ ದೋಷವಲ್ಲ. ಇಲ್ಲಿ ವಿಚಾರಣೀಯವಾದುದು ಬ್ರಹ್ಮಚರ್ಯಾಣುವ್ರತ. ಸಂಯಮವೇ ಉತ್ತಮೋಪಾಯ, ನಿರೋಧಸಾಧನವು ಕಾಮತೀವ್ರಾಭಿನಿವೇಶವೆಂಬ ಅತಿಚಾರಕ್ಕೆ ಆಸರೆಯಾಗಬಾರದು. ಈ ವ್ರತವು ಪುರುಷನಿಗೂ ವಿಹಿತವಾದುದರಿಂದ ಅನಪೇಕ್ಷಿತ ಗರ್ಭವನ್ನು ತಡೆಯುವ ಹೊಣೆಯೂ ಅವನದು. ಗರ್ಭೋತ್ಪತ್ತಿಯ ಅನಂತರ ವರ್ತಿಸುವ ಉಪಾಯವಾದರೋ ನಿರೋಧವೆನಿಸದೆ ಘಾತವೇ ಆಗುತ್ತದೆ.

ಘಾತದಲ್ಲಿಯೂ ಎಲ್ಲ ಪ್ರಸಂಗಗಳು ಸಮಾನವಲ್ಲ. ತತ್ತ್ವಾರ್ಥಸೂತ್ರವು ಪ್ರಾಣವಿಯೋಗದ ಜೊತೆಗೆ ಪ್ರಮತ್ತಯೋಗವನ್ನೂ ಹಿಂಸೆಯ ಲಕ್ಷಣದಲ್ಲಿ ಸೇರಿಸಿದೆ. ತೀವ್ರ, ಮಂದ, ಜ್ಞಾತ, ಅಜ್ಞಾತ ಭಾವಗಳಿಂದ ಆಸ್ರವದಲ್ಲಿ ತಾರತಮ್ಯವನ್ನೂ ಹೇಳಿದೆ. ತಾಯಿಯ ಪ್ರಾಣವನ್ನು ಉಳಿಸಲು ಅನ್ಯಮಾರ್ಗವಿಲ್ಲದಾಗ ನಡೆಯುವ ಚಿಕಿತ್ಸೆಯಲ್ಲಿ ದ್ರವ್ಯಹಿಂಸೆಯುಂಟು, ಆಲೋಚನಾ ಪ್ರಾಯಶ್ಚಿತ್ತಗಳೂ ಉಚಿತ. ಆದರೆ ಅದನ್ನು ಭೋಗಾಪೇಕ್ಷೆಯಿಂದಾದ ಸಂಕಲ್ಪೀಹಿಂಸೆಯೊಡನೆ ಸಮೀಕರಿಸುವುದು ಯುಕ್ತವಲ್ಲ.

ಇನ್ನು ಕರ್ತೃತ್ವ. ಸಂರಂಭ, ಸಮಾರಂಭ, ಆರಂಭಗಳನ್ನು ಮೂರು ಯೋಗ, ಕೃತ-ಕಾರಿತ-ಅನುಮತ ಹಾಗೂ ನಾಲ್ಕು ಕಷಾಯಗಳಿಂದ ಗುಣಿಸಿದಾಗ ಜೀವಾಧಿಕರಣದ 108 ಭೇದಗಳಾಗುತ್ತವೆ. ಹೆಣ್ಣುಗರ್ಭವೆಂದು ಘಾತಕ್ಕೆ ಒತ್ತಾಯಿಸುವ ಪತಿ, ಮೌನವಾಗಿ ಸಮ್ಮತಿಸುವ ಕುಟುಂಬ, ಇವರೆಲ್ಲರೂ ಈ ಗಣನೆಯೊಳಗೇ ಇದ್ದಾರೆ. ಬಲಾತ್ಕಾರಕ್ಕೆ ಅಥವಾ ಭಯಕ್ಕೆ ಒಳಗಾದ ಸ್ತ್ರೀಯ ಭಾವವೂ ಒತ್ತಾಯಿಸಿದವನ ಲೋಭವೂ ಒಂದೇ ಅಲ್ಲ.

1971ರ ವೈದ್ಯಕೀಯ ಗರ್ಭಪಾತ ಅಧಿನಿಯಮವು 2021ರ ತಿದ್ದುಪಡಿಯಿಂದ ಕೆಲವು ವರ್ಗದ ಸ್ತ್ರೀಯರಿಗೆ 24 ವಾರಗಳವರೆಗೆ ಅವಕಾಶವಿತ್ತಿದೆ. 1994ರ ಅಧಿನಿಯಮವು ಭ್ರೂಣಲಿಂಗಪರೀಕ್ಷೆಯನ್ನು ನಿಷೇಧಿಸಿದೆ. ರಾಜಶಾಸನವು ದಂಡಾರ್ಹತೆಯನ್ನು ನಿರ್ಣಯಿಸಿದರೆ ಶಾಸ್ತ್ರವು ಬಂಧವನ್ನು ನಿರ್ಣಯಿಸುತ್ತದೆ. ಆದುದರಿಂದ ಪ್ರಾಯಶ್ಚಿತ್ತವನ್ನು ಕೇಳಿ ಬಂದವಳಿಗೆ ಉತ್ತರವೀಯುವ ಮೊದಲು, ಮಾಡಿದವರಾರು, ಮಾಡಿಸಿದವರಾರು, ಅನುಮೋದಿಸಿದವರಾರು ಎಂಬುದನ್ನು ವಿಚಾರಿಸುವುದು ಪಂಡಿತರ ಕರ್ತವ್ಯ.